ಕೊರಕಲಿನ ಡೊಂಕು ನೇರಳೆ

ಸೋಮವಾರ ಹನ್ನೊಂದು ಗಂಟೆಯೊಳಗೆ ಹನ್ನೆರಡು ಮರಗಳ ಪಟ್ಟಿ ಅರಣ್ಯ ಕಚೇರಿ ತಲುಪಬೇಕಿತ್ತು. ಘೋಡೆಗಾಂವ್ ಮೇಲಿನ ಘಟ್ಟದಲ್ಲಿ ಕಾಲುದಾರಿಯನ್ನು ಅಗಲ ಮಾಡಲು ಮುನ್ನೂರು ಮರ ಕಡಿಯುವವರಿದ್ದರು. ಹನ್ನೆರಡನ್ನು ಉಳಿಸಲು ಅಧಿಕಾರಿ ಒಪ್ಪಿದ್ದರು. ಯಾವ ಹನ್ನೆರಡು ಎಂದು ಹೇಳಬೇಕಾದವರು, 2004ರ ಮೇ ತಿಂಗಳ ಆ ಶುಕ್ರವಾರ, ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯ ಮಾಳಿಗೆಯಲ್ಲಿ ಕೂತಿದ್ದ ಮೂವರು.

ಆ ಕಾಡಿನಲ್ಲಿ ಶೇಕರು ಎಂಬ ದೊಡ್ಡ ಕೆಂಪು ಅಳಿಲಿದೆ. ಅದು ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಹಾರಿಯೇ ಬದುಕು. ಆ ಮೂವರಲ್ಲಿ ಒಬ್ಬಳಾದ ಶೈಲಶ್ರೀ ಆರು ವರ್ಷ ಅದರ ಬೆನ್ನು ಬಿದ್ದು, ಸಾವಿರಕ್ಕೂ ಹೆಚ್ಚು ಮರಗಳಿಗೆ ನಂಬರು ಕಟ್ಟಿ, ಯಾವ ಮರ ಯಾವುದಕ್ಕೆ ತಾಗಿದೆ ಎಂದು ವಹಿಗಳಲ್ಲಿ ಬರೆದಿದ್ದಳು. ಎಂಟು ತಿಂಗಳ ಹಿಂದೆ ಬಂದ ಸುಖೇಶ್ ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದು ಜಾಲದ ಚಿತ್ರ ಮಾಡಿದ್ದ. ಈಗ ಎಲ್ಲರೂ ನೋಡುತ್ತಿದ್ದುದು ಆ ಚಿತ್ರವನ್ನು. ವಹಿಗಳು ಮೂಲೆ ಸೇರಿದ್ದವು.

"ಹೆಚ್ಚು ಕೊಂಬೆ ಇರುವ ಮರವೇ ಮುಖ್ಯ ಅಂತ ಅಲ್ಲ ಸರ್," ಎಂದ ಸುಖೇಶ್. "ಪುಣೆ ದೊಡ್ಡ ಸ್ಟೇಷನ್, ಹೌದು. ಆದ್ರೆ ನಡುವಿನ ದೌಂಡ್ ಜಂಕ್ಷನ್ ಮುಚ್ಚಿದ್ರೆ ಸೊಲ್ಲಾಪುರದ ಗಾಡಿ ಹೇಗೆ ಹೋಗುದು? ನಮಗೆ ಬೇಕಾದ್ದು ದೌಂಡಿನಂಥ ಮರ. ಲೆಕ್ಕದಲ್ಲಿ ಈ ಕಾಡು ಎರಡು ತುಂಡು. ಆದ್ರೆ ಕಿವಿ ಹರಿದ ಒಂದೇ ಅಳಿಲು ಎರಡೂ ಕಡೆ ಕಂಡದ್ದುಂಟು. ಹಾಗಾದ್ರೆ ಎರಡರ ನಡುವಿನ ಈ ಕೊರಕಲಿನ ಹತ್ತಿರ ಎಲ್ಲೋ ಒಂದು ಎಳೆ ಬಿಟ್ಟುಹೋಗಿದೆ."

ತಂಡದ ಮುಖ್ಯಸ್ಥ ಸಿದ್ದಲಿಂಗಪ್ಪನವರು ಕನ್ನಡಕ ಏರಿಸಿದರು. "ಆರು ವರ್ಷದಾಗ ನಿಮಗ ಕಾಣ್ಲಿಲ್ಲೇನ್ರಿ ಶೈಲಶ್ರೀ?"

ಆ ಮಾತು ಅವಳಿಗೆ ಚುಚ್ಚಿತು. ಕೊರಕಲಿನ ಪುಟದಲ್ಲಿ ಅವಳು 'ಮರ ಇಲ್ಲ' ಎಂದು ಬರೆದಿದ್ದಳು. ಖರೇ ಅಂದರೆ, ಮೂರು ವರ್ಷದ ಹಿಂದೆ ಆ ಕಡಿದಾದ ಇಳಿಜಾರು ಕಂಡು ಹೆದರಿ, ಕೆಳಗಿಳಿಯದೆ ತಿರುಗಿ ಬಂದಿದ್ದಳು.

ಶನಿವಾರ ಬೆಳಗ್ಗೆ ಶೈಲಶ್ರೀ ಮತ್ತು ಸುಖೇಶ್ ಘಟ್ಟ ಹತ್ತಿದರು. ದಾರಿ ತೋರಿಸಲು ರಂಗೂಬಾಯಿ ಬಂದಳು. ಆ ಕಾಡಿನಲ್ಲೇ ಅಳಲೆಕಾಯಿ ಆರಿಸಿ ಮಾರುವ ಐವತ್ತರ ಹೆಂಗಸು, ಸೊಂಟಕ್ಕೆ ಸೌದೆಯ ಹಗ್ಗ.

ಬಯಲಿನ ಬಿಸಿಲು ಕೆಳಗೇ ಉಳಿಯಿತು. ಮಾವು, ನೇರಳೆ, ಅಳಲೆ ಮರಗಳು ತಲೆಗೆ ತಲೆ ತಾಗಿಸಿ ನಿಂತಿದ್ದವು; ಸಂದಿಯಿಂದ ಬಿದ್ದ ಬೆಳಕು ಒಣಗಿದ ಎಲೆಗಳ ಮೇಲೆ ಚೂರುಚೂರಾಗಿ ಅಲುಗುತ್ತಿತ್ತು. ಎಡಗಡೆ ಇದ್ದಕ್ಕಿದ್ದಂತೆ ನೆಲ ಮುಗಿದು ಕೊಂಕಣದ ಆಳ ಕಾಣುತ್ತಿತ್ತು. ಬೂಟು ಜಾರಿಸಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದ ಸುಖೇಶನ ಹರಕುಮುರಕು ಮರಾಠಿಗೆ ರಂಗೂಬಾಯಿ ಬಿದ್ದುಬಿದ್ದು ನಗುತ್ತಿದ್ದಳು. ಆರು ವರ್ಷದಲ್ಲಿ ತನ್ನ ಜೊತೆ ಅವಳು ಹೀಗೆ ನಕ್ಕಿರಲಿಲ್ಲವಲ್ಲ ಎಂದು ಶೈಲಶ್ರೀಗೆ ಅದೂ ಚುಚ್ಚಿತು.

ದಾರಿ ಕವಲಾಯಿತು. ಎಡಕ್ಕೆ ಕೊರಕಲು.

"ಬಲಕ್ಕ ಹೋಗೂಣ," ಎಂದಳು ಶೈಲಶ್ರೀ. "ಕೊರಕಲದಾಗ ಏನೂ ಇಲ್ಲ."

ರಂಗೂಬಾಯಿ ಅವಳ ಮುಖ ನೋಡಿ ಬಲಕ್ಕೆ ತಿರುಗಿದಳು. ಮಧ್ಯಾಹ್ನದವರೆಗೆ ದೊಡ್ಡ ದೊಡ್ಡ ಮರಗಳ ಕೆಳಗೆ ಸುತ್ತಿದರು. ಎಳೆ ಸಿಗಲಿಲ್ಲ. ಪಶ್ಚಿಮದಲ್ಲಿ ಮೋಡ ಕಪ್ಪಗಾಯಿತು. ಶೈಲಶ್ರೀ ಬುತ್ತಿ ಬಿಚ್ಚಿ ತಲೆ ಎತ್ತಿದಾಗ ಸುಖೇಶ್ ಇರಲಿಲ್ಲ.

"ಕೊರಕಲಿಗೆ ಹೋದ," ಎಂದಳು ರಂಗೂಬಾಯಿ ಮರಾಠಿಯಲ್ಲಿ. "ಒಮ್ಮೆ ನೋಡಿ ಬರ್ತೀನಿ ಅಂದ."

ಗುಡುಗಿತು. ಅದರ ಹಿಂದೆಯೇ ಒಂದು ಕೂಗು.

ಇಬ್ಬರೂ ಓಡಿದರು.

ಸುಖೇಶ್ ಅಂಚಿನಿಂದ ಎರಡಾಳು ಕೆಳಗೆ ಒಂದು ಪೊದೆ ಹಿಡಿದು ನೇತಾಡುತ್ತಿದ್ದ. ಪೊದೆಯ ಬೇರು ಒಂದೊಂದಾಗಿ ಕಿತ್ತು ಬರುತ್ತಿತ್ತು. ಮಳೆಯ ಮೊದಲ ಹನಿಗಳು ಬಂಡೆಯ ಮೇಲೆ ಬಿದ್ದವು.

"ಕೈ ಬಿಡಬ್ಯಾಡ್ರಿ!"

ರಂಗೂಬಾಯಿ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ ಕಾಲೂರಿ ಕೂತಳು. ಇನ್ನೊಂದು ತುದಿಯನ್ನು ಶೈಲಶ್ರೀ ಸೊಂಟಕ್ಕೆ ಬಿಗಿದಳು. ಮೂರು ವರ್ಷದ ಹಿಂದಿನ ಹೆದರಿಕೆಯೇ ಮತ್ತೆ ಬಂತು. ಹಲ್ಲು ಕಚ್ಚಿ ಇಳಿದಳು. ಕಾಲು ಜಾರಿತು. ಮೊಣಕೈ ಸುಲಿಯಿತು. ಅವನ ಅಂಗಿಯ ಕಾಲರು ಕೈಗೆ ಸಿಕ್ಕಿತು. ಪಕ್ಕದಲ್ಲೇ ಇದ್ದ ಬಂಡೆಯ ಚಾಚಿನ ಮೇಲೆ ಅವನನ್ನು ಎಳೆದುಕೊಂಡಳು. ಪೊದೆ ಕಿತ್ತು ಕೆಳಗೆ ಹೋಯಿತು. ಅದು ಬಿದ್ದ ಸದ್ದು ಬರಲೇ ಇಲ್ಲ.

ಅರ್ಧ ಗಂಟೆ ಮಳೆ ಹೊಡೆಯಿತು. ಸುಖೇಶನ ಕಣಕಾಲು ಊದಿತ್ತು.

"ತಪ್ಪು ನಂದು," ಎಂದಳು ಶೈಲಶ್ರೀ. "ಆವತ್ತು ನಾ ಇಲ್ಲಿ ಇಳಿದೇ ಇಲ್ಲ. ಹೆದರಿ ವಾಪಸ್ ಹೋದೆ. ಮರ ಇಲ್ಲ ಅಂತ ಸುಳ್ಳು ಬರದೆ. ಇವತ್ತೂ ಬೇಕಂತನ ಬಲಕ್ಕ ಕರಕೊಂಡು ಹೋದೆ."

"ಬರೆದದ್ದು ಸುಳ್ಳು ಅಂತ ಸಂಶಯ ಇತ್ತು ಮೇಡಂ. ನಿಮ್ಮ ವಹಿಯ ಎಲ್ಲ ಪುಟದಲ್ಲೂ ಮಣ್ಣಿನ ಕಲೆ ಉಂಟು. ಆ ಪುಟ ಮಾತ್ರ ಚೊಕ್ಕ ಇತ್ತು."

"ಸರ್‌ಗೆ ಯಾಕ ಹೇಳ್ಲಿಲ್ಲ?"

"ಉಳಿದ ಪುಟ ಇಲ್ಲದಿದ್ರೆ ನನ್ನ ಜಾಲ ಎಲ್ಲಿಂದ ಬರ್ತಿತ್ತು?"

ಅವನು ಬೈದಿದ್ದರೆ ಹಗುರಾಗುತ್ತಿತ್ತು. ಅವನ ಒಳ್ಳೆಯತನ ಕಂಡು ಅವಳಿಗೆ ಇನ್ನಷ್ಟು ಹೊಟ್ಟೆ ಉರಿಯಿತು.

ಮಳೆ ನಿಂತಿತು. ಮೇಲಿಂದ ರಂಗೂಬಾಯಿ ಸಣ್ಣಗೆ ಸಿಳ್ಳೆ ಹಾಕಿ ಕೈ ತೋರಿಸಿದಳು. ಬಂಡೆಯ ಸೀಳಿನಿಂದ ಹೊರಟ ಬಡಕಲು ನೇರಳೆಯೊಂದು ಡೊಂಕಾಗಿ ಕೊರಕಲಿನ ಮೇಲೆ ಚಾಚಿ, ಆಚೆ ಬದಿಯ ಮಾವಿನ ಕೊಂಬೆಗೆ ಬೆರಳು ತಾಗಿಸಿದಂತೆ ನಿಂತಿತ್ತು. ಅದರ ಮೇಲೆ ಒದ್ದೆ ಬಾಲ ಕೊಡವುತ್ತ ಒಂದು ಕೆಂಪು ಅಳಿಲು ನಡೆದು ಹೋಯಿತು. ಎಡ ಕಿವಿ ಹರಿದಿತ್ತು.

ಇಬ್ಬರೂ ಉಸಿರು ಬಿಗಿಹಿಡಿದರು.

"ಅದೇ ನಮ್ಮ ದೌಂಡ್," ಎಂದು ಪಿಸುಗುಟ್ಟಿದ ಸುಖೇಶ್.

ಕಾಂಡ ಒದ್ದೆಯಾಗಿತ್ತು. ಆದರೂ ಶೈಲಶ್ರೀ ಹಗ್ಗದ ಬಲದ ಮೇಲೆ ಹತ್ತಿ ನಂಬರು ಕಟ್ಟಿದಳು: 1138. ಆಮೇಲೆ ಹೆಂಗಸರಿಬ್ಬರೂ ಸೇರಿ ಸುಖೇಶನನ್ನು ಮೇಲೆಳೆದರು. ಕಾಡು ಇಳಿಯಲು ಭಾನುವಾರ ಇಡೀ ಬೇಕಾಯಿತು.

ಸೋಮವಾರ ಹತ್ತೂವರೆಗೆ ಅರಣ್ಯ ಕಚೇರಿಯಲ್ಲಿ ಅಧಿಕಾರಿ ಪಟ್ಟಿ ಓದಿ ಮರಾಠಿಯಲ್ಲಿ ಕೇಳಿದರು, "ಈ ಡೊಂಕು ನೇರಳೆ ಯಾಕೆ ಎಲ್ಲಕ್ಕೂ ಮೊದಲು?"

ಶೈಲಶ್ರೀ ಜಾಲದ ಚಿತ್ರ ಹರವಿ, ಕಾಡಿನ ಎರಡೂ ತುಂಡುಗಳನ್ನು ಕೂಡಿಸುವ ಆ ಒಂದೇ ಎಳೆಯನ್ನು ತೋರಿಸಿದಳು. ಅಧಿಕಾರಿ ಎರಡು ಸಲ ನೋಡಿ, ಕಡಿಯುವ ನಕ್ಷೆಯಿಂದ ಆ ಕೊರಕಲಿನ ಅಂಚನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದರು.

"ಹುಡುಕಿದವರು ಯಾರು?" ಎಂದರು ಪಕ್ಕದಲ್ಲಿದ್ದ ಸಿದ್ದಲಿಂಗಪ್ಪ.

ಶೈಲಶ್ರೀಯ ನಾಲಿಗೆಗೆ ಮೊದಲು ಬಂದದ್ದು ತನ್ನದೇ ಹೆಸರು. ನುಂಗಿಕೊಂಡಳು. "ಸುಖೇಶ್ ಅವರ ಲೆಕ್ಕಾ ಸರ್. ರಂಗೂಬಾಯಿ ತೋರಿಸಿದ್ರು. ಕೊರಕಲದ ಪುಟದಾಗ ನಾ ಹಿಂದ ಸುಳ್ಳು ಬರದಿದ್ದೆ; ಇವತ್ತ ತಿದ್ದೀನಿ."

ಸಿದ್ದಲಿಂಗಪ್ಪ ಆಗಲಿ ಎಂಬಂತೆ ತಲೆಯಾಡಿಸಿದರು.

ಮೆಟ್ಟಿಲು ಇಳಿಯುವಾಗ ಕುಂಟುತ್ತಿದ್ದ ಸುಖೇಶನ ಚೀಲವನ್ನು ಅವಳೇ ಹೊತ್ತಳು.

"ನಾಳಿಂದ ನನಗ ಆ ಜಾಲದ ಲೆಕ್ಕಾ ಕಲಸ್ರಿ," ಎಂದಳು. "ನಿಮಗಿಂತ ಚಲೋ ಕಲೀತೀನಿ."

ಸುಖೇಶ್ ನಕ್ಕ. ಶೈಲಶ್ರೀ ನಗಲಿಲ್ಲ. ಅವಳು ಖರೇನೇ ಹೇಳಿದ್ದಳು.