ಚಿನ್ನದ ನಕ್ಷತ್ರದ ರೆಕಾರ್ಡು

ಮಂಗಳವಾರ ಮಧ್ಯಾಹ್ನ ಅಂಗಡಿಯ ಬಾಗಿಲ ಗಂಟೆ ಸದ್ದಾದಾಗ ಜನೀನ್ ಒಂದು ಕಾಲಿನ ಶೂ ಬಿಚ್ಚಿ ಪಾದ ನೀವಿಕೊಳ್ಳುತ್ತಿದ್ದಳು. ವಾರದಲ್ಲಿ ನಾಲ್ಕು ದಿನ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವ ಕೆಲಸ. ಒಂದು ದಿನ ಷೆಫೀಲ್ಡಿನ ಈ ಧರ್ಮದಂಗಡಿಯಲ್ಲಿ, ಜನ ಕೊಟ್ಟುಹೋದ ಹಳೆಯ ಸಾಮಾನು ಮಾರುವ ಸೇವೆ. ಐವತ್ತೈದರ ಮೈಗೆ ಸಂಜೆಗೆ ಮುಂಚೆಯೇ ಸಂಜೆಯಾಗುತ್ತಿತ್ತು.

ಬಂದವನು ಎಡಗಾಲು ಎಳೆಯುತ್ತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತ.

"ಶನಿವಾರ ಮನೆ ಖಾಲಿ ಮಾಡ್ತಿದೀನಿ. ಸಮುದ್ರದ ಕಡೆ, ತಂಗಿ ಊರಿಗೆ. ಅವಳು ಗಂಟು ಕಟ್ಟೋ ಭರದಲ್ಲಿ ನನ್ನದೊಂದು ರೆಕಾರ್ಡು ಇಲ್ಲಿಗೆ ಕೊಟ್ಬಿಟ್ಟಿದಾಳೆ."

"ಯಾವ್ದು?"

ಅವನು ಹೆಸರು ಹೇಳಿದ. ಬಟ್ಟೆಗಳ ರಾಶಿಯ ಹಿಂದಿನಿಂದ ಅಂಗಡಿ ನೋಡಿಕೊಳ್ಳುವ ಡೊರೀನ್ ಗೊಳ್ಳನೆ ನಕ್ಕಳು.

"ಅಯ್ಯೋ ನನ್ನಪ್ಪಾ, ಅದಾ! ಈ ಊರಲ್ಲಿ ಮನುಷ್ಯರಿಗಿಂತ ಅದೇ ಜಾಸ್ತಿ. ಹಿಂದಿನ ಕೋಣೇಲಿ ಇಪ್ಪತ್ಮೂರು ಬಿದ್ದಿವೆ. ಕಣ್ಮುಚ್ಕೊಂಡು ಒಂದು ಎತ್ಕೊಂಡ್ಹೋಗಿ."

"ನನಗೆ ಅದೇ ಬೇಕು. ಎರಡನೇ ಬದಿ, ನಡುವಿನ ಕಾಗದದ ಮೇಲೆ ಪುಟ್ಟದೊಂದು ಚಿನ್ನದ ನಕ್ಷತ್ರ ಅಂಟಿಸಿದೆ."

ಜನೀನಳ ಕೈಯಿಂದ ಶೂ ಜಾರಿ ಬಿತ್ತು.

ಆ ನಕ್ಷತ್ರವನ್ನು ಅಂಟಿಸಿದವಳು ಅವಳೇ.

ಅವಳು ಬೆಳೆದದ್ದು ತಾತನ ಕೀರ್ತನೆಗಳ ದನಿಯಲ್ಲಿ. ಬೆಳಗಿನ ಊಟಕ್ಕೆ ಮೊದಲು ತಾತ ಒಂದು ಸಾಲು ಹೇಳಬೇಕು, ಮನೆಯವರೆಲ್ಲ ಮುಂದಿನ ಸಾಲು ಹೇಳಬೇಕು. ತಪ್ಪಿಲ್ಲದೆ ಒಪ್ಪಿಸಿದ ಮಕ್ಕಳಿಗೆ ಚಾಪೆಲ್ಲಿನಲ್ಲಿ, ಅವರ ಪುಟ್ಟ ಚರ್ಚಿನಲ್ಲಿ, ಅಂಟಿಸುವ ಚಿನ್ನದ ನಕ್ಷತ್ರ. ಅವಳ ಬಳಿ ಒಂದು ಡಬ್ಬಿಯ ತುಂಬ ನಕ್ಷತ್ರಗಳಿದ್ದವು.

ಹದಿನೇಳನೆಯ ವಯಸ್ಸಿನಲ್ಲಿ ಆ ರೆಕಾರ್ಡು ಬಂತು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಹುಟ್ಟಿದಾಗಿನಿಂದ ನೆಲ ನಡುಗಿಸುತ್ತಿದ್ದ ಸುತ್ತಿಗೆಗಳು ನಿಂತು, ಬೀದಿಗಳಲ್ಲಿ ಸೂತಕದ ಮೌನ. ರೆಕಾರ್ಡಿನ ಮೇಲೆ ಮುಳ್ಳು ಇಟ್ಟರೆ ಆ ಸುತ್ತಿಗೆಯ ಪೆಟ್ಟು ಮತ್ತೆ ಎದೆಗೆ ಬಡಿಯುತ್ತಿತ್ತು. ಒಬ್ಬ ಕೂಗುತ್ತಿದ್ದ, ನೂರು ಕಂಠ ಉತ್ತರ ಕೊಡುತ್ತಿತ್ತು. ತಾತ ಅದನ್ನು ಸೈತಾನನ ಗದ್ದಲ ಎಂದರು. ಜನೀನಳಿಗೆ ಮಾತ್ರ ಅದು ಮನೆಯ ಪ್ರಾರ್ಥನೆಯಂತೆಯೇ ಕೇಳಿತು.

ಶುಕ್ರವಾರ ಸಂಜೆ ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಹರೆಯದವರ ಕ್ಲಬ್ಬು. ಎಲ್ಲರ ಕಂಕುಳಲ್ಲೂ ಅದೇ ರೆಕಾರ್ಡು. ಅದಲುಬದಲಾಗದಿರಲೆಂದು ಹುಡುಗರು ಪೆನ್ನಿನಲ್ಲಿ ಹೆಸರಿನ ಮೊದಲಕ್ಷರ ಬರೆಯುತ್ತಿದ್ದರು. ಹುಡುಗಿಯರು ಉಗುರುಬಣ್ಣದ ಚುಕ್ಕೆ ಇಡುತ್ತಿದ್ದರು. ತಾತನ ಮನೆಯಲ್ಲಿ ಉಗುರುಬಣ್ಣವೆಲ್ಲಿ? ಜನೀನ್ ನಕ್ಷತ್ರ ಅಂಟಿಸಿದಳು. ಆದರೂ ಯಾರದಾದರೂ ತಪ್ಪಿಹೋದರೆ ಒಂದು ನಿಯಮವಿತ್ತು: ಅದು ಯಾರ ಕೈ ಸೇರಿದೆಯೋ ಅವರ ಮನೆಗೆ ಒಡೆಯನೇ ಹೋಗಿ ಕೇಳಿ ತರಬೇಕು.

"ಬನ್ನಿ," ಎಂದಳು ಜನೀನ್, ಶೂ ಹಾಕಿಕೊಳ್ಳುತ್ತ. "ಹುಡುಕೋಣ."

ಹಿಂದಿನ ಕೋಣೆಯಲ್ಲಿ ಇಬ್ಬರೂ ಎದುರುಬದುರು ಸ್ಟೂಲಿನ ಮೇಲೆ ಕೂತರು. ಅವನು ಲಕೋಟೆಯಿಂದ ರೆಕಾರ್ಡು ಎಳೆದು ಕೊಡುವನು, ಅವಳು ತಿರುಗಿಸಿ ನೋಡುವಳು.

"ಬಸ್ ಓಡಿಸ್ತಿದ್ರಾ?" ಅವಳು ಕೇಳಿದಳು.

"ಮೂವತ್ತೊಂದು ವರ್ಷ. ಹೇಗೆ ಗೊತ್ತಾಯ್ತು?"

"ಎಡಮಂಡಿ. ಕ್ಲಚ್ಚು ತಿಂದ ಮಂಡಿ. ನಮ್ಮಾಶ್ರಮದಲ್ಲಿ ಇಬ್ಬರಿದಾರೆ."

"ಹಾಗಾದ್ರೆ ನನಗೂ ಒಂದು ಮಂಚ ಹಿಡಿದಿಡಿ," ಎಂದು ಅವನು ನಕ್ಕ. ನಕ್ಕಾಗ ಬಲಹುಬ್ಬು ಮಾತ್ರ ಮೇಲೇರಿತು. ಆ ಹುಬ್ಬನ್ನು ಅವಳು ಕೋಣೆಯ ಆಚೆ ತುದಿಯಿಂದ ಎಷ್ಟು ಶುಕ್ರವಾರ ಕದ್ದು ನೋಡಿರಲಿಲ್ಲ!

ಹದಿನೆಂಟನೆಯದರಲ್ಲಿ ನಕ್ಷತ್ರ ಸಿಕ್ಕಿತು. ಬಣ್ಣ ಮಾಸಿ ಒಂದು ಮೂಲೆ ಎದ್ದಿತ್ತು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

"ಇದು ನಿಮ್ದಲ್ಲ, ಕ್ಲೈವ್."

ಅವನ ಕೈ ಅಲ್ಲೇ ನಿಂತಿತು. "ಗೊತ್ತು," ಎಂದ ಮೆಲ್ಲಗೆ. "ನಿನ್ನದು. ನೀನು ನನ್ನ ಹೆಸರು ಹಿಡಿದು ಕರೀಲಿ ಅಂತ ಆಗಿನಿಂದ ಕಾಯ್ತಿದೀನಿ, ಜನೀನ್."

"ತಪ್ಪಿ ಹೋಗಿದ್ದಲ್ವಾ ಅದು?"

"ತಪ್ಪೂ ಇಲ್ಲ, ಏನೂ ಇಲ್ಲ. ಬೇಕಂತ್ಲೇ ಬದಲಾಯಿಸ್ದೆ. ನಿಯಮ ಇತ್ತಲ್ಲ. ನಿನ್ನ ರೆಕಾರ್ಡು ಕೇಳ್ಕೊಂಡು ನೀನೇ ನಮ್ಮನೆಗೆ ಬರ್ತೀಯಾ ಅಂದ್ಕೊಂಡೆ. ಎಂಟು ಶನಿವಾರ ತಲೆ ಬಾಚ್ಕೊಂಡು ಕೂತಿದ್ದೆ ಕಣೇ."

"ನಾನೂ ಕೂತಿದ್ದೆ," ಎಂದಳು. "ನಿನ್ನದು ನನ್ನ ಹತ್ರ ಇತ್ತಲ್ಲ! ಒಡೆಯ ನೀನು. ನೀನು ಬರ್ಬೇಕಿತ್ತು."

"ನಿಮ್ತಾತ ಬಾಗಿಲು ತೆಗೆದಿದ್ರೆ?"

"ಕೀರ್ತನೆ ಒಪ್ಪಿಸು ಅಂತಿದ್ರು."

ಇಬ್ಬರೂ ನಕ್ಕರು, ನಗು ಬೇಗ ದಣಿಯಿತು. ಆಮೇಲೆ ಅವನು ಮದುವೆಯಾಗಿದ್ದ, ಮದುವೆ ಮುರಿದಿತ್ತು. ಅವಳು ಮೊದಲು ತಾತನನ್ನು, ಆಮೇಲೆ ಅಮ್ಮನನ್ನು ನೋಡಿಕೊಂಡಿದ್ದಳು. ಕಳೆದ ಚಳಿಗಾಲದಲ್ಲಿ ಅಮ್ಮನೂ ಹೋದರು. ಹೇಳಲು ಅಷ್ಟೇ ಇತ್ತು. ಅಷ್ಟಕ್ಕೆ ಒಂದು ಆಯುಸ್ಸು ಹಿಡಿದಿತ್ತು.

ಕ್ಲೈವ್ ಎದ್ದ. "ಆಯ್ತು. ನಿನ್ನದು ನಿನಗೆ ಸೇರ್ತು. ಶನಿವಾರ ವ್ಯಾನು ಬರುತ್ತೆ."

ಬಾಗಿಲವರೆಗೆ ಹೋಗುವ ಆ ಎಳೆದ ಹೆಜ್ಜೆಗಳನ್ನು ಅವಳು ಕೇಳಿದಳು. ತಾತ ಒಂದು ಸಾಲು ಹೇಳಿ ನಿಲ್ಲಿಸಿದಾಗ ಮನೆಯಲ್ಲಿ ಹುಟ್ಟುತ್ತಿದ್ದ ಮೌನ ಅದು. ಈಗ ಉತ್ತರ ಕೊಡಬೇಕಾದವಳು ಅವಳೇ.

"ಕ್ಲೈವ್! ನಿನ್ನದು ಇನ್ನೂ ನಮ್ಮನೇಲಿದೆ. ನಿಯಮ ನಿಯಮವೇ. ಬಂದು ಕೇಳ್ಬೇಕು."

"ಯಾವಾಗ?"

"ನಾಳೆ ನಾಲ್ಕಕ್ಕೆ. ಅದೇ ಮನೆ. ತಾತ ಇಲ್ಲ. ಬಾಗಿಲು ನಾನೇ ತೆಗೀತೀನಿ."

ಮರುದಿನ ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಬಾಗಿಲು ತಟ್ಟಿದ ಸದ್ದಾಯಿತು. ಕ್ಲೈವ್ ತಲೆ ಬಾಚಿಕೊಂಡಿದ್ದ. ಬಾಚಲು ಹೆಚ್ಚೇನೂ ಉಳಿದಿರಲಿಲ್ಲ.

"ನನ್ನ ರೆಕಾರ್ಡು ಕೇಳೋಕೆ ಬಂದೆ," ಎಂದ ಹುಡುಗನಂತೆ.

ಅವಳು ಚಹಾ ಸುರಿದು ಅವನ ರೆಕಾರ್ಡನ್ನೇ ಹಾಕಿದಳು. ಸುತ್ತಿಗೆಗಳು ಎದ್ದವು. ಇಬ್ಬರೂ ಶೂ ಬಿಚ್ಚಿ, ಸೋಫಾದಲ್ಲಿ ಪಕ್ಕಪಕ್ಕ, ಕಣ್ಣು ಮುಚ್ಚಿ ಕೇಳಿದರು. ಮೊದಲ ಬದಿ ಮುಗಿಯಿತು. ಮುಳ್ಳಿನಡಿ ರೆಕಾರ್ಡು ಕರಕರ ಎನ್ನುತ್ತ ಸುತ್ತಿತು. ಯಾರೂ ಏಳಲಿಲ್ಲ.

"ಯಾರು ತಿರುಗಿಸೋದು?" ಎಂದಳು, ತಲೆ ಅವನ ಭುಜಕ್ಕೆ ಒರಗಿಸಿ.

"ಹೇಗೂ ಏಳ್ಬೇಕು ನಾನು. ವ್ಯಾನಿನವನಿಗೆ ಫೋನ್ ಮಾಡಿ ಶನಿವಾರ ಬೇಡ ಅನ್ಬೇಕು."

"ಮೊದಲು ಫೋನು," ಎಂದಳು ಜನೀನ್, ಕಣ್ಣು ತೆರೆಯದೆ. "ಆಮೇಲೆ ಎರಡನೇ ಬದಿ."