ಸಂತನ ಸರದಿ

ಆ ಜನವರಿಯಲ್ಲಿ ಫೆರ್ನಾನ್ ಮತ್ತು ಅವನ ಅಕ್ಕ ಸೋಲಾಂಜ್ ವಾರವಿಡೀ ಒಣಗಿದ ಬ್ರಿಯೋಶ್ ತಿಂದರು. ಬೆಳಿಗ್ಗೆ ಕಾಫಿಯಲ್ಲಿ ಅದ್ದಿ ತಿಂದರು, ರಾತ್ರಿ ಸೂಪಿನಲ್ಲಿ ಅದ್ದಿ ತಿಂದರು. ಬೆಣ್ಣೆ ಮೊಟ್ಟೆ ಸುರಿದು ಮಾಡಿದ ಆ ಸಿಹಿ ಬ್ರೆಡ್ಡು ಅವರಿಬ್ಬರಿಗಾಗಿ ಮಾಡಿದ್ದಲ್ಲ. ಊರಿನ ದ್ರಾಕ್ಷಿ ಬೆಳೆಗಾರರ ಸಂಘದವರ ಮನೆಮನೆಗೂ ಒಂದೊಂದು ಹಂಚಬೇಕೆಂದು ಸೋಲಾಂಜ್ ಹಬ್ಬದ ಹಿಂದಿನ ದಿನವೆಲ್ಲ ಒಲೆಯ ಮುಂದೆ ನಿಂತು ಬೇಯಿಸಿದ್ದಳು. ಹಂಚುವ ಪ್ರಸಂಗವೇ ಬರಲಿಲ್ಲ.

ಬಳ್ಳಿ ಬೆಳೆಯುವವರನ್ನು ಕಾಯುವವನು ಸಂತ ವಿನ್ಸೆಂಟ್. ಅವನದೊಂದು ಮರದ ವಿಗ್ರಹ ಊರಲ್ಲಿತ್ತು. ಮೊಳಕೈಯಿಂದ ಬೆರಳ ತುದಿವರೆಗಿನಷ್ಟು ಎತ್ತರ, ಮುಟ್ಟಿ ಮುಟ್ಟಿ ಮೂಗು ಸವೆದಿತ್ತು. ಅದಕ್ಕೆ ಸ್ವಂತ ಗುಡಿಯಿರಲಿಲ್ಲ. ವರ್ಷಕ್ಕೊಮ್ಮೆ ಸಂತನ ಹಬ್ಬದ ದಿನ ಮೆರವಣಿಗೆಯಲ್ಲಿ ಹೊರಟು ಸಂಘದ ಒಬ್ಬರ ಮನೆ ಸೇರುತ್ತಿತ್ತು, ಮುಂದಿನ ಹಬ್ಬದವರೆಗೆ ಅಲ್ಲೇ ಬಾಳುತ್ತಿತ್ತು. ಆ ವರ್ಷ ಸರದಿ ಫೆರ್ನಾನನದು. ಹೋದ ಸಲ ಸರದಿ ಬಂದಾಗ ಅವನಪ್ಪ ಬದುಕಿದ್ದ. ಫೆರ್ನಾನ್ ಓಕ್ ಮರ ಕೆತ್ತಿ ಸಂತನಿಗೊಂದು ಗೂಡು ಮಾಡಿದ, ಮುಂದಿನ ಕೋಣೆಗೆ ಸುಣ್ಣ ಬಳಿದ. ಸೋಲಾಂಜ್ ಪರದೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿದಳು.

ಹಬ್ಬದ ದಿನ ಪೂಜೆ ಮುಗಿದು ಎಲ್ಲರೂ ಇಗರ್ಜಿಯ ಅಂಗಳಕ್ಕೆ ಬಂದಾಗ ಸಂಘದ ಯಜಮಾನ ಬೆರ್ತೋ ಗಂಟಲು ಸರಿಮಾಡಿಕೊಂಡ.

"ನೋಡಪ್ಪ ಫೆರ್ನಾನ್, ಸಂತ ಇನ್ನೊಂದು ವರ್ಷ ಒಕ್ತಾವನ ಮನೇಲೇ ಇರ್ಲಿ. ಪ್ರವಾಸಿಗಳ ಬಸ್ಸು ಬರೋದು ಅಲ್ಲಿಗೆ. ಊರಿಗೂ ಒಳ್ಳೇದಾಗತ್ತೆ. ನಿಂದು ಮುಂದಿನ ವರ್ಷ ನೋಡೋಣ."

"ಹೂಂ" ಎಂದ ಫೆರ್ನಾನ್.

ಉಳಿದವರು ತಂತಮ್ಮ ಬೂಟು ನೋಡಿಕೊಂಡರು. ಒಬ್ಬನಾದರೂ "ಅದು ಹೇಗಾಗತ್ತೆ?" ಎನ್ನಲಿಲ್ಲ. ಒಕ್ತಾವ್ ಕೂಡ ಅನ್ನಲಿಲ್ಲ. ಆ ಮೌನವನ್ನು ಫೆರ್ನಾನ್ ಹಬ್ಬದ ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಈ ಊರಿಗೆ ತಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದು ಅಂದು ಅವನಿಗೆ ಖಾತ್ರಿಯಾಯಿತು.

ಒಕ್ತಾವ್ ಅವನ ಚಿಕ್ಕಪ್ಪನ ಮಗ. ತಾತನ ತೋಟ ಇಬ್ಬರಿಗೂ ಸಮನಾಗಿ ಪಾಲಾಗಿತ್ತು. ಫೆರ್ನಾನ್ ತನ್ನ ಪಾಲಿನಲ್ಲಿ ಬೆನ್ನು ಬಗ್ಗಿಸಿದ, ಒಕ್ತಾವ್ ತನ್ನ ಪಾಲಿನಲ್ಲಿ ಬಾಯಿ ಬಳಸಿದ. ಪ್ಯಾರಿಸ್ಸಿನವರು, ಬೆಲ್ಜಿಯಂನವರು, ಜರ್ಮನರು ಬಸ್ಸುಗಟ್ಟಲೆ ಬಂದು ಸಂತನನ್ನಿಟ್ಟಿದ್ದ ಅವನ ನೆಲಮಾಳಿಗೆಗೆ ಇಳಿಯುತ್ತಿದ್ದರು. ಅಲ್ಲಿ ಅವರಿಗೆಲ್ಲ ನೀಲಿ ಏಪ್ರನ್ ಕಟ್ಟಿಸಿ, ಕೈಗೊಂದು ಮೇಣದಬತ್ತಿ ಕೊಟ್ಟು, ಪೀಪಾಯಿಯಿಂದ ಪೀಪಾಯಿಗೆ ನಡೆಸಿ ವೈನ್ ರುಚಿ ತೋರಿಸುತ್ತಿದ್ದ. ಆಮೇಲೆ ಕುದುರೆ ಗಾಡಿಯಲ್ಲಿ ತೋಟ ಸುತ್ತಿಸಿ, ಕತ್ತರಿ ಕೊಟ್ಟು ಒಬ್ಬೊಬ್ಬರಿಂದ ಒಂದೊಂದು ಬಳ್ಳಿ ಸವರಿಸುತ್ತಿದ್ದ. ಸವರುವುದೆಂದರೆ ಮುಂದಿನ ವರ್ಷದ ಫಸಲನ್ನು ಕಣ್ಣಿನಲ್ಲೇ ಕಂಡು ಕಡ್ಡಿ ಕತ್ತರಿಸುವುದು. ಈ ಜನ ಕೈಗೆ ಸಿಕ್ಕಲ್ಲಿ ಕತ್ತರಿಸಿ ನಗುತ್ತಿದ್ದರು, ಅದಕ್ಕೆ ದುಡ್ಡೂ ಕೊಡುತ್ತಿದ್ದರು.

ಫೆಬ್ರವರಿಯ ಒಂದು ದಿನ ಆ ಗಾಡಿ ಫೆರ್ನಾನನ ಬೇಲಿಯ ಬಳಿ ನಿಂತಿತು. ಹರ್ನಿಯಾ ನೋವಿಗೆ ಹೊಟ್ಟೆಯ ಕೆಳಗೆ ಕೈಯೊತ್ತಿಕೊಂಡು ಅವನು ಬಗ್ಗಿ ಸವರುತ್ತಿದ್ದ.

"ಇವ್ನು ನಮ್ಮಣ್ಣ ಫೆರ್ನಾನ್! ಅಪ್ಪಟ ಬರ್ಗಂಡಿ ಸೀಮೆಯವನು ಅಂದ್ರೆ ಇವ್ನೇ" ಎಂದು ಒಕ್ತಾವ್ ಗಾಡಿಯಿಂದಲೇ ಕೂಗಿದ. "ಲೋ, ಆ ಕೈ ಒಂಚೂರು ಎತ್ತಿ ತೋರ್ಸೋ, ನೋಡ್ಲಿ!"

ಫೆರ್ನಾನ್ ಕೈ ಎತ್ತಿದ. ಏಕೆ ಎತ್ತಿದೆನೆಂದು ಅವನಿಗೇ ಆಮೇಲೆ ತಿಳಿಯಲಿಲ್ಲ. ಕ್ಯಾಮೆರಾಗಳು ಕ್ಲಿಕ್ ಕ್ಲಿಕ್ ಎಂದವು. ಒಬ್ಬ ಹೆಂಗಸು ಅವನಿಗೆ ಮಿಠಾಯಿ ಎಸೆದಳು.

ಸಂತನನ್ನು ತೆಗೆದುಬಿಡಬೇಕು ಎಂಬ ಯೋಚನೆ ಬಂದದ್ದು ಅಂದೇ. ಕದಿಯುವ ಯೋಚನೆಯೆಂದು ಅವನು ಅದನ್ನು ಕರೆಯಲಿಲ್ಲ. ಸಂತ ತನ್ನ ಮನೆಗೆ ಬರಬೇಕಾದವನು. ದಾರಿ ಸ್ವಲ್ಪ ಸುತ್ತು, ಅಷ್ಟೇ. ಹಿಂದಿನ ಬೇಸಿಗೆಯಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಪ್ರವಾಸಿಗಳ ಜೊತೆ ಬಂದು, ವಿಗ್ರಹಕ್ಕೆ ಎಷ್ಟು ಹೇಳುತ್ತೀ ಎಂದು ಎಲ್ಲರೆದುರೇ ಒಕ್ತಾವನನ್ನು ಕೇಳಿದ್ದ. ಅಂದು ಊರೆಲ್ಲ ನಕ್ಕಿತ್ತು. ವಿಗ್ರಹ ಕಾಣೆಯಾದ ದಿನ ಆ ನಗು ನೆನಪಾಗುತ್ತದೆ. ಒಕ್ತಾವ್ ಮಾರಿದ ಎಂದು ಕೆಲವರು ಅನ್ನುತ್ತಾರೆ, ಬಂದ ಬಂದವರಿಗೆಲ್ಲ ತೋರಿಸಿ ಕಳೆದುಕೊಂಡ ಎಂದು ಉಳಿದವರು ಅನ್ನುತ್ತಾರೆ. ಎರಡರಲ್ಲಿ ಯಾವುದಾದರೂ ಸಂತ ಇನ್ನೆಂದೂ ಆ ನೆಲಮಾಳಿಗೆಗೆ ಇಳಿಯುವುದಿಲ್ಲ. ಕೊಯ್ಲಿನ ಹೊತ್ತಿಗೆ ಒಂದು ಮಂಜಿನ ಮುಂಜಾನೆ ವಿಗ್ರಹ ಇಗರ್ಜಿಯ ಮೆಟ್ಟಿಲ ಮೇಲೆ ಸಿಕ್ಕಿಬಿಡುತ್ತದೆ. ಮುಂದಿನ ಹಬ್ಬಕ್ಕೆ ಸೋಲಾಂಜಳ ಬ್ರಿಯೋಶ್ ಮನೆಮನೆಗೆ ಹೋಗುತ್ತದೆ.

ಒಳಗೆ ಹೋಗುವುದು ಕಷ್ಟವೇ ಅಲ್ಲ. ನೆಲಮಾಳಿಗೆಯ ಬೀಗದ ಕೈ ಕಿಟಕಿಯ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಅದು ಊರಿಗೆಲ್ಲ ಗೊತ್ತು, ಅರ್ಧ ಪ್ರವಾಸಿಗಳಿಗೂ ಗೊತ್ತು. ಕಷ್ಟವಿದ್ದದ್ದು ಸಂಶಯ ತಪ್ಪಿಸುವುದರಲ್ಲಿ. ಜನವರಿಯ ಕಹಿ ನೆನೆದು ಪೊಲೀಸರು ಮೊದಲು ತಟ್ಟುವುದು ತನ್ನ ಬಾಗಿಲನ್ನೇ. ಆದ್ದರಿಂದ ವಿಗ್ರಹ ಹೋದಾಗ ತಾನು ಊರಲ್ಲೇ ಇರಲಿಲ್ಲ ಎಂದಾಗಬೇಕು.

ಅದಕ್ಕೂ ದಾರಿ ತೋರಿಸಿದವನು ಒಕ್ತಾವನೇ. ಈಸ್ಟರ್‌ಗೆ ಎರಡು ವಾರವಿರುವಾಗ ಇಗರ್ಜಿಯ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಮುಸುಕು ಹಾಕುವುದು ಹಳೆಯ ಪದ್ಧತಿ. ಪಾದ್ರಿಯೇ ಅದನ್ನು ಅರ್ಧ ಮರೆತಿದ್ದ. ಹಳೆಯದೆಲ್ಲ ಪ್ರವಾಸಿಗಳಿಗೆ ಇಷ್ಟವೆಂದು ಒಕ್ತಾವ್ ಮಾತ್ರ ಸಂತನಿಗೆ ತಲೆಯಿಂದ ಕಾಲವರೆಗೆ ಮುಸುಕು ಹೊದಿಸಿ, ಮುಂದೆ ದೀಪವಿಟ್ಟ. ಈಸ್ಟರ್ ದಿನ ಮೂರು ಬಸ್ಸು ಜನರೆದುರು ಮುಸುಕು ತೆಗೆಯುವುದೆಂದು ಊರಿನ ಅಂಗಡಿಯ ಗಾಜಿಗೆ ಚೀಟಿಯನ್ನೂ ಅಂಟಿಸಿದ. ಆ ಮುಸುಕಿನೊಳಗೆ ಅಷ್ಟೇ ಎತ್ತರದ ಒಣ ಬಳ್ಳಿಬೊಡ್ಡೆಯೊಂದು ನಿಂತಿದ್ದರೆ ಈಸ್ಟರ್‌ವರೆಗೆ ಯಾರಿಗೆ ತಿಳಿಯುತ್ತದೆ? ಅಷ್ಟರಲ್ಲಿ ನೂರಾರು ಜನ ಅದರ ಮುಂದೆ ಹಾದು ಹೋಗಿರುತ್ತಾರೆ. ಫೆರ್ನಾನ್ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ.

ಅವನು ಪಟ್ಟಣಕ್ಕೆ ಹೋಗಿ ಡಾಕ್ಟರರನ್ನು ಕಂಡು ದಿನ ಗೊತ್ತುಮಾಡಿಕೊಂಡು ಬಂದ.

"ಆಪರೇಷನ್ ಅಂದ್ರೆ ಮಾರು ದೂರ ಓಡ್ತಿದ್ದೋನು ನೀನು" ಎಂದಳು ಸೋಲಾಂಜ್. "ಈಗೇನು ಇದ್ದಕ್ಕಿದ್ದ ಹಾಗೆ ಬುದ್ಧಿ ಬಂತು? ಸವರೋದೇ ಮುಗಿದಿಲ್ಲ. ಶೆಡ್ಡಲ್ಲಿ ಹೊಸ ಸಸಿ ಬೇರೆ ಮರಳಲ್ಲಿ ಕೂತಿವೆ."

"ತಡವಾಗಿ ಸವರಿದ್ರೆ ಚಳಿ ಚಿಗುರಿಗೆ ಬಡಿಯಲ್ಲ ಅಕ್ಕ. ಸಸಿ ಈಸ್ಟರ್ ಆದ್ಮೇಲೆ ನಾನೇ ನೆಡ್ತೀನಿ. ಬೇರೆಯವ್ರು ಕೈ ಹಾಕೋದು ಬೇಡ."

"ಯಾರು ಬರ್ತಾರೆ ಹಾಕೋಕೆ, ನಿನ್ನ ಮೂತಿ ನೋಡಿ?"

ಅದೂ ಅವನ ಲೆಕ್ಕದಲ್ಲಿತ್ತು. ಮನೆ, ಅಟ್ಟ, ನೆಲಮಾಳಿಗೆ ಎಲ್ಲವನ್ನೂ ಪೊಲೀಸರು ಹುಡುಕಬಹುದು. ತೋಟದ ಮಣ್ಣನ್ನು ಯಾರೂ ಹುಡುಕುವುದಿಲ್ಲ. ಚಳಿಗಾಲದಲ್ಲಿ ಸತ್ತ ಬಳ್ಳಿಗಳನ್ನು ಕಿತ್ತು ಹೊಸ ಸಸಿಗೆಂದು ಬಿಟ್ಟ ಜಾಗಗಳು ಸಾಲುಗಳ ನಡುವೆ ಬಾಯಿಬಿಟ್ಟುಕೊಂಡಿದ್ದವು. ಅಲ್ಲಿ ಮಣ್ಣು ಸಡಿಲವಾಗಿರುವುದು ಸಹಜ. ಗೋಡೆ ಪಕ್ಕದ ಮೊದಲನೆಯದರಲ್ಲಿ ವಿಗ್ರಹವನ್ನಿಟ್ಟು ಮಣ್ಣು ಮುಚ್ಚಿದರೆ ಪಕ್ಕದಲ್ಲಿ ನಿಂತವನಿಗೂ ಗೊತ್ತಾಗದು. ಆ ತೋಟದಲ್ಲಿ ಗುದ್ದಲಿ ಹಿಡಿಯುವವನು ತಾನೊಬ್ಬನೇ.

ಹೊತ್ತು ಆರಿಸುವುದರಲ್ಲೂ ಅವನು ಜಾಣತನ ತೋರಿಸಿದ. ಕತ್ತಲಲ್ಲಿ ನಡೆದರೆ ನಾಯಿ ಬೊಗಳುತ್ತದೆ, ಕಿಟಕಿ ತೆರೆಯುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಊರಲ್ಲಿ ಒಂದು ಪ್ರಾಣಿಯೂ ಬೀದಿಗೆ ಬರುವುದಿಲ್ಲ. ಊಟದ ಕೊನೆಯ ಚೀಸ್ ತಟ್ಟೆಗೆ ಬರುವ ಮುಂಚೆ ಎದ್ದವನು ಅಲ್ಲಿ ಇನ್ನೂ ಹುಟ್ಟಿಲ್ಲ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವನು ಕಡ್ಡಿ ತುಂಬಿದ ತಳ್ಳುಗಾಡಿಯೊಂದಿಗೆ ಒಕ್ತಾವನ ಹಿತ್ತಿಲಿಗೆ ಬಂದ. ಮೇಲಿನ ಕಿಟಕಿಯಿಂದ ಚಮಚದ ಸದ್ದು, ಒಕ್ತಾವನ ಜೋರು ನಗು ಕೇಳಿಸುತ್ತಿತ್ತು. ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಒಳಗಿಳಿದ. ನೆಲಮಾಳಿಗೆಯಲ್ಲಿ ಮುಸುಕು ತೆಗೆದ. ಸಂತ ಅವನನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪ ಎತ್ತಿ ಹಿಡಿದು "ಮೂಗು ಮುಟ್ಟು, ಒಳ್ಳೇದಾಗತ್ತೆ" ಎಂದದ್ದು ನೆನಪಿಗೆ ಬಂತು. ಫೆರ್ನಾನ್ ಮೂಗು ಮುಟ್ಟಲಿಲ್ಲ. ಬೊಡ್ಡೆಯನ್ನು ನಿಲ್ಲಿಸಿ, ನೇರಳೆ ಬಟ್ಟೆಯ ಮಡಿಕೆಗಳನ್ನು ಇದ್ದ ಹಾಗೇ ಇಳಿಬಿಟ್ಟು, ಬೀಗದ ಕೈಯನ್ನು ಮೊಳೆಗೆ ಹಾಕಿ, ಸಂತನನ್ನು ಗಾಡಿಯ ಕಡ್ಡಿಗಳಡಿ ಮುಚ್ಚಿ ಹೊರಟ.

ವಿಗ್ರಹವನ್ನು ಅಡುಗೆ ಮೇಜಿನ ಹಳೆಯ ಮೇಣಬಟ್ಟೆಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಗೋಡೆ ಪಕ್ಕದ ಗುಂಡಿಗೆ ಇಳಿಸಿದ. ಹೊಟ್ಟೆಯ ನೋವು ಹೆಚ್ಚು ಅಗೆಯಲು ಬಿಡಲಿಲ್ಲ, ಮೊಣಕಾಲುದ್ದದ ಆಳವೇ ಸಾಕೆಂದುಕೊಂಡ. ಮಣ್ಣು ಎಳೆಯುವಾಗ ಪೆಟ್ಟಿಗೆಯ ಮೇಲೆ ಬಿದ್ದ ಹೆಂಟೆಯ ಸದ್ದು ಮಗುವಿನ ಶವಪೆಟ್ಟಿಗೆಯ ಮೇಲೆ ಬಿದ್ದ ಹಾಗೆ ಕೇಳಿ, ಅವನು ಗುದ್ದಲಿ ಬಿಟ್ಟು ಉಳಿದ ಮಣ್ಣನ್ನು ಕೈಯಿಂದಲೇ ಮೆಲ್ಲಗೆ ತುಂಬಿದ.

ಆಸ್ಪತ್ರೆಯ ಮೊದಲ ದಿನಗಳು ಚೆನ್ನಾಗಿಯೇ ಕಳೆದವು. ಆಪರೇಷನ್ ಆಯಿತು, ಸ್ವಲ್ಪ ಜ್ವರ ಬಂತು. ಈಸ್ಟರ್ ಕಳೆಯುವವರೆಗೆ ಕದಲಬೇಡ ಎಂದರು ಡಾಕ್ಟರು. ಕೇಳದೆಯೇ ಸಿಕ್ಕ ಸಾಕ್ಷಿ! ಆದರೆ ನಿದ್ದೆ ಹತ್ತುತ್ತಿರಲಿಲ್ಲ. ಮಳೆ ಬಂದರೆ ಪೆಟ್ಟಿಗೆಗೆ ನೀರು ಇಳಿದೀತೇ ಎಂದು ಎದ್ದು ಕೂರುತ್ತಿದ್ದ. ದಾದಿ ಬಂದು ಗದರಿ ಮಲಗಿಸುತ್ತಿದ್ದಳು.

ಈಸ್ಟರ್‌ನ ಹಿಂದಿನ ದಿನ, ಊಟದ ತಟ್ಟೆ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ಒಕ್ತಾವ್ ಕಾಣಿಸಿಕೊಂಡ. ಕೋಟಿನೊಳಗೆ ಏನೋ ಉಬ್ಬಿತ್ತು. ಫೆರ್ನಾನ್ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

"ಏನೋ ಇದು, ಸತ್ತವ್ನ ಹಾಗೆ ಬಿಳಚ್ಕೊಂಡಿದ್ದೀಯ!" ಒಕ್ತಾವ್ ಸೊಂಟ ಹಿಡಿದುಕೊಂಡು ನರಳುತ್ತ ಕುರ್ಚಿಯಲ್ಲಿ ಕುಳಿತ, ಬಾಗಿಲ ಕಡೆ ಕಣ್ಣಿಟ್ಟು ಕೋಟಿನಿಂದ ಬಾಟ್ಲಿ ತೆಗೆದು ದಿಂಬಿನಡಿ ತುರುಕಿದ. "ನಮ್ಮ ತಾತನ ಕಾಲದ್ದು. ಆ ದಾದಿಗೆ ಹೇಳ್ಬೇಡ, ನನ್ನ ಕಿವಿ ಹಿಂಡ್ತಾಳೆ."

"ಊರಲ್ಲಿ ಏನು ಸುದ್ದಿ?" ಫೆರ್ನಾನ್ ಎಚ್ಚರದಿಂದ ಕೇಳಿದ.

"ಏನಿದೆ ಸುದ್ದಿ? ನಾಳೆ ಮುಸುಕು ತೆಗಿಯೋದು. ಬಸ್ಸಿನವ್ರು ಇನ್ನೂ ಜನ ಜಾಸ್ತಿ ಮಾಡಿದ್ದಾರೆ."

ಹಾಗಾದರೆ ಗೊತ್ತಾಗಿಲ್ಲ. ಫೆರ್ನಾನ್ ದಿಂಬಿಗೆ ಒರಗಿದ. ನಾಳೆ ಈ ಹೊತ್ತಿಗೆ ಈ ನಗುವ ಮುಖ ಹೇಗಿರುತ್ತದೆಂದು ಊಹಿಸಿಕೊಂಡ. ಖುಷಿಯಾಗಬೇಕಿತ್ತು, ಆಗಲಿಲ್ಲ.

ಒಕ್ತಾವ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. "ನಿಂಗೆ ನನ್ನ ಮೇಲೆ ಕೋಪ ಇದೆ, ಗೊತ್ತು ಕಣೋ. ಜನವರೀಲಿ ನಾನು ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ಬಸ್ಸಿನ ಆಸೆ."

"ಹೋಗ್ಲಿ ಬಿಡು."

"ಇವತ್ತು ಇಲ್ಲಿಗೆ ಬಂದಿದ್ದೂ ನಾನಾಗಿ ಅಲ್ಲ. ಬೆಳಿಗ್ಗೆ ಸೊಂಟ ಹಿಡ್ಕೊಂಬಿಡ್ತು. ಬಗ್ಗೋಕಾಗ್ದೋನು ಇಲ್ಲಿದ್ದು ಏನ್ ಮಾಡ್ತೀಯ, ಹೋಗಿ ರೋಗಿ ಹತ್ರ ಕೂತ್ಕೋ ಅಂತ ಬೆರ್ತೋ ಅಟ್ಟಿಬಿಟ್ಟ."

"ಎಲ್ಲಿಂದ ಅಟ್ಟಿದ?"

"ಎಲ್ಲಿಂದ ಅಂದ್ರೆ? ನಿನ್ನ ತೋಟದಿಂದ."

ಸಂತ ವಿನ್ಸೆಂಟನ ಹೆಸರಿನ ಆ ಸಂಘ ಹುಟ್ಟಿದ್ದು ಮೆರವಣಿಗೆಗಲ್ಲ, ಬ್ರಿಯೋಶ್‌ಗೂ ಅಲ್ಲ. ಸಂಘದ ಒಬ್ಬ ಕಾಯಿಲೆ ಬಿದ್ದರೆ ಉಳಿದವರೆಲ್ಲ ಸೇರಿ, ಕೂಲಿಯಿಲ್ಲದೆ, ಕರೆಯದೆ, ಅವನ ಬಳ್ಳಿಯ ಕೆಲಸ ಮುಗಿಸಿಕೊಡಬೇಕು, ಅದೊಂದಕ್ಕೇ ಹುಟ್ಟಿದ್ದು. ಸವರುವ ಕಾಲದಲ್ಲಿ ಯಾರೂ ಹಾಸಿಗೆ ಹಿಡಿಯದೆ ಎಷ್ಟೋ ವರ್ಷಗಳಾಗಿದ್ದವು. "ಸವರೋದು ಊಟಕ್ಕೆ ಮುಂಚೇನೇ ಮುಗೀತು" ಎನ್ನುತ್ತಿದ್ದ ಒಕ್ತಾವ್, "ಒಬ್ರೂ ತಪ್ಪಿಸ್ಕೊಂಡಿಲ್ಲ, ಎಲ್ರೂ ಬಂದಿದ್ದಾರೆ. ಸೋಲಾಂಜಕ್ಕ ಬೇಡ ಬೇಡ ಅಂದ್ರೂ ಬೆರ್ತೋ ಕೇಳ್ಲಿಲ್ಲ, ಶೆಡ್ಡಿಂದ ಸಸಿ ತೆಗ್ಸಿದ. ಈಗ ಗುದ್ದಲಿ ಹಿಡಿದಿರ್ತಾನೆ. ಗೋಡೆ ಕಡೆಯಿಂದ ಶುರು ಮಾಡ್ತೀನಿ ಅಂತಿದ್ದ." ಫೆರ್ನಾನ್ ಪೊಲೀಸರನ್ನು ಲೆಕ್ಕ ಹಾಕಿದ್ದ, ಪಾದ್ರಿಯನ್ನು, ಪ್ರವಾಸಿಗಳನ್ನು, ನಾಯಿಗಳನ್ನೂ ಲೆಕ್ಕ ಹಾಕಿದ್ದ. ಆ ಸಂಘದಲ್ಲಿ ತಾನೂ ಒಬ್ಬ ಎಂಬುದೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.