ಕತ್ತರಿಸಿದ ಮೌತ್‌ಗಾರ್ಡ್

ಮೌತ್‌ಗಾರ್ಡ್ ಎರಡು ತುಂಡಾಗಿ ಮಿಂಚುವಿನ ಜೆರ್ಸಿಯ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ನನ್ನ ಕತ್ತರಿ.

ಮೊದಲು ಕಂಡವಳು ನಾನೇ. ಹುಡುಗಿಯರೆಲ್ಲ ಹೊರಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ನಾನು ಐಸ್ ತರಲು ಹೋಗಿ ಬರುವಷ್ಟರಲ್ಲಿ ಯಾರೋ ಡ್ರೆಸ್ಸಿಂಗ್ ರೂಮಿಗೆ ಬಂದು ಹೋಗಿದ್ದರು. ಸಿಟ್ಟಿನಲ್ಲಿ ಕಂಡಕಂಡಂತೆ ಕತ್ತರಿಸಿದ್ದಲ್ಲ. ಒಳಗಿನ ಚಿಪ್ ಎಲ್ಲಿದೆಯೋ ಅಲ್ಲೇ, ನೋಡಿಕೊಂಡು, ಒತ್ತಿ ಕತ್ತರಿಸಿದ್ದರು.

ನಾನು ಈ ತಂಡದ ಫಿಸಿಯೋ. ಉಳುಕಿದ ಕಾಲು ನೀವುವುದು, ಮಣಿಕಟ್ಟಿಗೆ ಟೇಪು ಸುತ್ತುವುದು, ಸಾಲದ್ದಕ್ಕೆ ಇಡೀ ತಂಡದ ಗೋಳು ಕೇಳುವುದು ನನ್ನ ಕೆಲಸ. ಮಹಿಳೆಯರ ಸೆವೆನ್ಸ್, ಅಂದರೆ ಏಳೇಳು ಜನ ಆಡುವ ರಗ್ಬಿಯ ಅಂತಾರಾಷ್ಟ್ರೀಯ ಸರಣಿ ಎಂದರೆ ದೇಶದಿಂದ ದೇಶಕ್ಕೆ ಹಾರಾಟ. ಪೆಟ್ಟಿಗೆ ಬಿಚ್ಚುವ ಮೊದಲೇ ಕಟ್ಟಬೇಕು. ಈಗ ಕೊನೆಯ ಊರು, ಕೊನೆಯ ಪಂದ್ಯ. ಸೋತರೆ ನಮ್ಮ ತಂಡ ಮೇಲಿನ ದರ್ಜೆಯಿಂದ ಹೊರಗೆ. ಗೆಲ್ಲಿಸಬಲ್ಲವಳು ಒಬ್ಬಳೇ: ಮಿಂಚು. ಅವಳ ಕೈಗೆ ಚೆಂಡು ಸಿಕ್ಕಿದರೆ ಹಿಂದೆ ಓಡುವವರಿಗೆ ಅವಳ ಬೆನ್ನು ಮಾತ್ರ ಕಾಣುತ್ತದೆ.

ಕೋಚ್ ಬಾಗಿಲು ದೂಡಿಕೊಂಡು ಬಂದರು. ತುಂಡುಗಳನ್ನು ನೋಡಿ ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಯಾರು? ಯಾರ ಕೆಲಸ ಇದು? ನನ್ನ ಮಗಳ ಆಟ ನಿಲ್ಸೋಕೆ ಯಾರು ಹೊಂಚು ಹಾಕಿರೋದು?"

ಹೌದು, ಕೋಚ್ ಮಿಂಚುವಿನ ಅಪ್ಪ. ತಂಡದಲ್ಲಿರುವ ಪುಟ್ಟಿಗೂ ಅವರೇ ಅಪ್ಪ. ದೊಡ್ಡವಳು ಮೈದಾನದಲ್ಲಿ, ಚಿಕ್ಕವಳು ಬೆಂಚಿನ ಮೇಲೆ. ಆ ಮನೆಯ ನ್ಯಾಯ ನಮಗೆಲ್ಲ ಗೊತ್ತಿದ್ದದ್ದೇ.

ಸರಣಿಯ ವಿಚಾರಣಾಧಿಕಾರಿಗೆ ಫೋನು ಹೋಯಿತು. ಹಿಂದೆ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದ ಹೆಂಗಸು. ತೂಕದ ಆಳು, ನಿಧಾನದ ನಡಿಗೆ. ರಗ್ಬಿಯ ಗಂಧಗಾಳಿ ಇಲ್ಲದವರನ್ನು ಈ ಕೆಲಸಕ್ಕೆ ಹಾಕಿದ ಪುಣ್ಯಾತ್ಮ ಯಾರೋ ಎಂದು ನಾನೇ ಎಷ್ಟೋ ಸಲ ಗೊಣಗಿದ್ದೆ. ಅವರು ಬಾಗಿಲು ಹಾಕಿಸಿ, ಬಾಯಿ ಕೆಳಗಾಗಿದ್ದ ಐಸ್ ತೊಟ್ಟಿಯ ಮೇಲೆ ಕುಳಿತು, ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡರು.

"ಇದೇನಮ್ಮಾ, ಹಲ್ಲಿನ ಸೆಟ್ಟಾ?"

"ಮೌತ್‌ಗಾರ್ಡ್, ಮೇಡಂ. ಆಡೋವಾಗ ಹಲ್ಲು ಉಳಿಸ್ಕೊಳ್ಳೋಕೆ ಬಾಯಲ್ಲಿ ಹಾಕ್ಕೊಳ್ಳೋದು. ಅವರವರ ಹಲ್ಲಿನ ಅಚ್ಚು ತೆಗೆದು ಮಾಡಿಸಿರ್ತಾರೆ. ಒಳಗೊಂದು ಚಿಪ್ ಇದೆ. ತಲೆಗೆ ಜೋರಾಗಿ ಪೆಟ್ಟು ಬಿದ್ರೆ ಮೈದಾನದ ಪಕ್ಕ ಕೂತಿರೋ ಡಾಕ್ಟರ ಟ್ಯಾಬ್ ಬಡ್ಕೊಳ್ಳುತ್ತೆ. ತಕ್ಷಣ ಹೊರಗೆ ಕರೀತಾರೆ."

"ಬಾಯಲ್ಲಿ ಹಾಕ್ಕೊಳ್ದೆ ಜೇಬಲ್ಲಿ ಇಟ್ಕೊಂಡ್ರೆ?"

"ಗೊತ್ತಾಗುತ್ತೆ. ಬಾಯಲ್ಲಿದ್ರೆ ಮಾತ್ರ ಟ್ಯಾಬಲ್ಲಿ ಅವಳ ನಂಬರ್ ಹಸಿರಾಗೋದು. ಹಸಿರಿಲ್ದೆ ಆಟಕ್ಕೆ ಬಿಡಲ್ಲ."

"ಅಂದ್ರೆ ಇದನ್ನ ಕತ್ತರಿಸಿದವರಿಗೆ ಬೇಕಾಗಿದ್ದು ಅವಳು ಆಡಬಾರದು ಅಂತ. ಕತ್ತರಿ ಯಾರದು?"

"ನನ್ನದೇ. ಟೇಪು ಕತ್ತರಿಸೋದು."

"ನೀವೇ ಕತ್ತರಿಸಿದ್ರಾ?"

"ಅಯ್ಯೋ, ನನಗೇನು ಹುಚ್ಚಾ!"

ಅವರು ನಗಲಿಲ್ಲ. ವಾರ್ಮ್-ಅಪ್ ಬಿಟ್ಟು ಒಳಗೆ ಬಂದವರು ಯಾರೆಂದು ಕೇಳಿದರು. ಇಬ್ಬರು ಬಂದಿದ್ದರು: ಕ್ಯಾಪ್ಟನ್ ಮತ್ತು ಪುಟ್ಟಿ.

ಕ್ಯಾಪ್ಟನ್ನನ್ನು ನಾವು ಗೋಡೆ ಎನ್ನುತ್ತಿದ್ದೆವು. ಅವಳಿಗೆ ಡಿಕ್ಕಿ ಹೊಡೆದವರನ್ನು ಕೇಳಿದರೆ ಯಾಕೆಂದು ಹೇಳುತ್ತಾರೆ. ಹಿಂದಿನ ದಿನವಷ್ಟೇ ಅವಳಿಗೂ ಮಿಂಚುವಿಗೂ ಬಸ್ಸಿನಲ್ಲಿ ಜೋರು ಜಗಳವಾಗಿತ್ತು.

"ಜಗಳ ಯಾಕೆ?" ಮೇಡಂ ಕೇಳಿದರು.

"ಹೇಳಿಕೊಟ್ಟ ಜಾಗದಲ್ಲಿ ನಿಲ್ಲಲ್ಲ ಮೇಡಂ. ನೂರು ಸಲ ಆಡಿರೋ ಪಟ್ಟನ್ನೇ ಮರೀತಾಳೆ. ಕೇಳಿದ್ರೆ ನನ್ ಮೇಲೇ ಎಗರಾಡ್ತಾಳೆ. ಕೊಬ್ಬು."

"ಅದಕ್ಕೆ ಬುದ್ಧಿ ಕಲಿಸಿದ್ಯಾ?"

"ಅವಳಿಲ್ದೆ ಸೋಲ್ತೀವಿ. ನನ್ ಕಾಲಿಗೆ ನಾನೇ ಕೊಡಲಿ ಹಾಕ್ಕೊಳ್ಲಾ? ಕೈ ಟೇಪು ಬಿಚ್ಚಿತ್ತು, ಫಿಸಿಯೋ ಅಕ್ಕನ್ನ ಹುಡುಕ್ಕೊಂಡು ಬಂದೆ, ಇರಲಿಲ್ಲ, ಹೋದೆ."

ಮುಂದೆ ಪುಟ್ಟಿ. ಮೂಲೆಯಲ್ಲಿ ನಿಂತವಳು ತಲೆ ಎತ್ತಲಿಲ್ಲ. ಒಂದು ಕಾಲಕ್ಕೆ ಇಡೀ ಬಸ್ಸನ್ನು ನಗಿಸುತ್ತಿದ್ದ ಹುಡುಗಿ. ಈಚೆಗೆ ಪಂದ್ಯದ ಹೊತ್ತಿನಲ್ಲಿ ಬೆಂಚಿನ ಮೇಲೆ ಬಾಯಿ ಬಿಗಿದುಕೊಂಡು ಕೂರುತ್ತಿದ್ದಳು. ನಾನು ಚುಡಾಯಿಸಿದರೂ ಬರೀ ತಲೆ ಅಲ್ಲಾಡಿಸುತ್ತಿದ್ದಳು. ಆಡಿಸುತ್ತಿಲ್ಲವೆಂದು ಮುನಿಸು ಅಂದುಕೊಂಡಿದ್ದೆವು. ಮೇಡಂಗೂ ಇದನ್ನೆಲ್ಲ ಹೇಳಿದೆ.

"ನಿನ್ನನ್ನ ಎಷ್ಟು ದಿನದಿಂದ ಆಡಿಸಿಲ್ಲ?"

"ಅಕ್ಕ ವಾಪಸ್ ಬಂದಾಗಿಂದ."

"ಎಲ್ಲಿಂದ ವಾಪಸ್?"

ಉತ್ತರ ಕೊಟ್ಟವಳು ನಾನು. ಸರಣಿಯ ನಡುವೆ ಎದುರಾಳಿಯ ಮೊಣಕಾಲು ಮಿಂಚುವಿನ ಮುಖಕ್ಕೆ ಬಡಿದಿತ್ತು. ಪ್ರಜ್ಞೆ ತಪ್ಪಿತ್ತು. ಮುಂದಿನ ಹಲ್ಲು ಅರ್ಧ ಹಾರಿಹೋಗಿತ್ತು. ಒಂದು ಊರಿನ ಪಂದ್ಯಗಳನ್ನು ಬಿಟ್ಟು ಮತ್ತೆ ಆಡಲು ಬಂದಳು. ಬೇರೆ ಗಾರ್ಡ್ ಬೇಕಾಯಿತು. ಕೋಚ್ ತಾವೇ ಓಡಾಡಿ ಮಾಡಿಸಿಕೊಟ್ಟರು. ಅಂದಿನಿಂದ ಡಾಕ್ಟರ ಟ್ಯಾಬ್ ಒಮ್ಮೆಯೂ ಬಡಿದುಕೊಂಡಿಲ್ಲ.

ಕೋಚ್ ತಾಳ್ಮೆ ಕಳೆದುಕೊಂಡರು. "ಇನ್ನೇನು ಮೇಡಂ ವಿಚಾರಣೆ? ಹೊಟ್ಟೆಕಿಚ್ಚು! ಸ್ವಂತ ಅಕ್ಕನ ಜಾಗಕ್ಕೆ ಕಣ್ಣು ಹಾಕಿದಾಳೆ. ಡಾಕ್ಟರಿಗೆ ನಾನು ಹೇಳ್ತೀನಿ, ಇದೊಂದು ಪಂದ್ಯ ಅಭ್ಯಾಸದ ಹಳೇ ಗಾರ್ಡಲ್ಲೇ ಆಡ್ತಾಳೆ."

ಪುಟ್ಟಿ ಅಪ್ಪನನ್ನು ನೋಡಿದಳು. ಆ ನೋಟಕ್ಕೆ ನನಗೆ ಯಾಕೋ ಹೆದರಿಕೆಯಾಯಿತು.

"ಮಿಂಚು ಎಲ್ಲಿ? ಕರೀರಿ," ಎಂದರು ಮೇಡಂ.

ಮಿಂಚು ಬಂದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಒಳಗೆ ಕಾಲಿಟ್ಟಳು.

"ಒಂದ್ಸಲ ನಗು ನೋಡೋಣ, ಮಗಳೇ."

ನಕ್ಕಳು. ಮುರಿದ ಹಲ್ಲಿನ ಆ ನಗು ನಮಗೆಲ್ಲ ಅಚ್ಚುಮೆಚ್ಚು.

ಮೇಡಂ ಎರಡು ತುಂಡುಗಳನ್ನು ಜೋಡಿಸಿ ದೀಪಕ್ಕೆ ಹಿಡಿದರು. ನನ್ನತ್ತ ತಿರುಗಿದರು.

"ಅಚ್ಚು ಅವರವರ ಹಲ್ಲಿಂದೇ ಅಂದ್ರಲ್ಲ? ಹಲ್ಲು ಮುರಿದ ಮೇಲೆ ಮಾಡಿಸಿದ್ದು ಅಂದ್ರಲ್ಲ? ಇದರಲ್ಲಿ ಮುರಿದ ಹಲ್ಲು ಎಲ್ಲಿದೆ ತೋರಿಸಿ."

ನೋಡಿದೆ. ಮುಂದಿನ ಹಲ್ಲುಗಳ ಗುರುತು ಸಾಲಾಗಿ, ಪೂರ್ತಿಯಾಗಿ, ಮುತ್ತಿನಂತೆ ಕೂತಿತ್ತು. ಅದನ್ನು ನಾನೇ ಎಷ್ಟು ಸಲ ತೊಳೆದಿದ್ದೇನೆ! ಕಣ್ಣಿದ್ದೂ ಕುರುಡಿ.

"ಇದು ಮಿಂಚುವಿನದಲ್ಲ," ಮೇಡಂ ಹೇಳಿದರು. "ನಂಬರು ಅವಳದು, ಹಲ್ಲು ಬೇರೆಯವರದು. ಹಸಿರು ದೀಪ ಹತ್ತಬೇಕಾದ್ರೆ ಇದು ಯಾರದಾದ್ರೂ ಬಾಯಲ್ಲಿ ಇರಲೇಬೇಕು. ಯಾರ ಬಾಯಲ್ಲಿ? ಓಡಿ ಓಡಿ ಎಲ್ಲರಿಗೂ ಉಸಿರು ಕಟ್ಟೋ ಆಟ ಇದು, ಅಷ್ಟು ನಾನೂ ನೋಡಿದೀನಿ. ಬದಲಿ ಆಟಗಾರ್ತಿಯರನ್ನೆಲ್ಲ ಇಳಿಸ್ತಾರೆ. ಇಳಿಯದೇ ಇದ್ದವಳು ಒಬ್ಬಳೇ. ಬೆಂಚಿನ ಮೇಲೆ ಕೂತು, ಜೋಕಿಗೂ ಬಾಯಿ ಬಿಡದವಳು ಅವಳೇ. ಮುನಿಸಲ್ಲ ಅದು. ಬಾಯಿ ತೆಗೆದಿದ್ರೆ ಒಳಗಿರೋದು ಕಾಣ್ತಿತ್ತು."

ಪುಟ್ಟಿ ಹೋಗಿ ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕನ ತಲೆಗೆ ಪೆಟ್ಟು ಬಿದ್ದಾಗೆಲ್ಲ ನಾನು ಅವಳ ಚಿಪ್ ಬಾಯಲ್ಲಿಟ್ಕೊಂಡು ಬೆಂಚ್ ಮೇಲೆ ಸುಮ್ನೆ ಕೂತಿರ್ತಿದ್ದೆ ಮೇಡಂ. ಡಾಕ್ಟರಿಗೆ ಗೊತ್ತೇ ಆಗ್ತಿರಲಿಲ್ಲ. ನಿನ್ನೆ ಬಾತ್‌ರೂಮಲ್ಲಿ ವಾಂತಿ ಮಾಡ್ಕೊಂಡ್ಳು. ಇವತ್ತು ಬೆಳಗ್ಗೆ ಶೂ ಲೇಸ್ ಹೇಗೆ ಕಟ್ಟೋದು ಅಂತ ನನ್ನ ಕೇಳಿದ್ಳು. ಅಪ್ಪನ ಕಾಲು ಹಿಡ್ಕೊಂಡೆ. ಇದೊಂದು ಪಂದ್ಯ ಆಗ್ಲಿ ಅಂದ್ರು. ನನಗೆ ಬೇರೆ ದಾರಿ ಕಾಣಲಿಲ್ಲ. ಕತ್ತರಿಸಿಬಿಟ್ಟೆ."

"ಕತ್ತರಿಸಿದವಳು ನೀನು. ತಪ್ಪು ಮಾಡಿದವರು ಇವರು," ಮೇಡಂ ಕೋಚ್ ಕಡೆ ಬೆರಳು ತೋರಿಸಿದರು. "ಚಿಕ್ಕವಳ ಹಲ್ಲಿನ ಅಚ್ಚು ಕೊಟ್ಟು ದೊಡ್ಡವಳ ನಂಬರಿನ ಗಾರ್ಡ್ ಮಾಡಿಸಿದವರು. ದೊಡ್ಡವಳನ್ನ ಚಿಪ್ ಇಲ್ಲದ ಅಭ್ಯಾಸದ ಹಳೇ ಗಾರ್ಡಲ್ಲಿ ಮೈದಾನಕ್ಕೆ ತಳ್ಳಿದವರು."

"ಅವಳು ಚೆನ್ನಾಗೇ ಇದಾಳೆ!" ಕೋಚ್ ಕಿರುಚಿದರು. "ನನ್ ಮಗಳು ನನಗೆ ಗೊತ್ತಿಲ್ವಾ? ಬೇಕಾದ್ರೆ ಕೇಳಿ ಅವಳನ್ನೇ!"

ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಅದನ್ನು ನಂಬಿಕೊಂಡೇ ಅವರು ಇಷ್ಟು ದಿನ ನಿದ್ದೆ ಮಾಡಿದ್ದರು. ನನಗೆ ಅವರ ಮೇಲೆ ಉರಿಯುವಷ್ಟು ಸಿಟ್ಟು ಬಂತು, ಅಷ್ಟೇ ಕನಿಕರವೂ.

ಹೊರಗೆ ನಮ್ಮ ತಂಡವನ್ನು ಮೈಕಿನಲ್ಲಿ ಕರೆದರು. ಯಾರೂ ಕದಲಲಿಲ್ಲ. ಮೇಡಂ ಮಿಂಚುವನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ಮಂಡಿಯೂರಿದರು.

"ಮಗಳೇ, ಇವತ್ತು ಇಲ್ಲೀವರೆಗೂ ಯಾವ ಯಾವ ತಂಡದ ಮೇಲೆ ಆಡಿದೆ?"

"ಇನ್ನೂ ಆಡೇ ಇಲ್ವಲ್ಲ ಮೇಡಂ," ಎಂದಳು ಮಿಂಚು. "ಇದೇ ಮೊದಲನೇ ಪಂದ್ಯ."

ಬೆಳಗ್ಗೆಯಿಂದ ಅವಳು ಎರಡು ಪಂದ್ಯ ಆಡಿದ್ದಳು. ಮೊಣಕಾಲಿನ ಹುಲ್ಲು, ಮಣ್ಣು ಇನ್ನೂ ಹಸಿಯಾಗಿತ್ತು.

ಕ್ಯಾಪ್ಟನ್ ಬಾಯಿಗೆ ಕೈ ಅಡ್ಡ ಹಿಡಿದಳು. ಕೋಚ್ ಮಗಳ ಮೊಣಕಾಲಿನ ಮಣ್ಣನ್ನೇ ನೋಡಿದರು. ಮಿಂಚು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ನಗು ಮೆಲ್ಲಗೆ ಮಾಯವಾಯಿತು.

"ಅಪ್ಪಾ, ಯಾಕೆ ಎಲ್ರೂ ಹೀಗೆ ನೋಡ್ತಿದೀರ? ನಾನೇನಾದ್ರೂ ತಪ್ಪು ಹೇಳಿದ್ನಾ?"